ಅಪ್ಪ ಒಡೆಯಬೇಕಾಗಿದ್ದ ಕುಂಬಳಕಾಯಿ

ಈಗ ರಾಜಾಜಿನಗರದಲ್ಲಿ ರಸ್ತೆ ದಾಟಬೇಕಾದರೆ ದೇವರ ಹೆಸರು ಹೇಳಿಕೊಂಡು ಕಾಲಿಡಬೇಕು. ನಾನು ಹೇಳಹೊರಟಿರುವುದು ಅದೇ ರಸ್ತೆಯ ನಟ್ಟನಡುವೆ ಮುನಿಯಪ್ಪನ ಎಮ್ಮೆ ಮಲಗಿ ಮೆಲುಕು ಹಾಕುತ್ತಿದ್ದ ಕಾಲದ ಮಾತು. ಐವತ್ತರ ದಶಕ. ಬಡಾವಣೆ ಅಂತ ಹೆಸರು ಬಂದಿತ್ತೇ ಹೊರತು ಮನೆಗಳು ಬಂದಿರಲಿಲ್ಲ. ಕಲ್ಲು ನೆಟ್ಟು ಸೈಟು ಗುರುತು ಮಾಡಿದ್ದರು. ಆ ಕಲ್ಲುಗಳ ಮಧ್ಯೆ ಅಲ್ಲೊಂದು ಇಲ್ಲೊಂದು ಮನೆ, ಮಿಕ್ಕಿದ್ದೆಲ್ಲ ಕೆಂಪು ಮಣ್ಣು, ಲಂಟಾನದ ಪೊದೆ, ಗಾಳಿ. ನಮ್ಮ ಮನೆಯ ಮೆಟ್ಟಿಲ ಮೇಲೆ ನಿಂತು ಎಷ್ಟು ಜೋರಾಗಿ ಕೂಗಿದರೂ ‘ಓ’ ಅನ್ನುವವರು ಇರಲಿಲ್ಲ. ನಾನು ಕೂಗಿ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಆ ಮನೆಯಲ್ಲಿ ಇದ್ದವರು ಅಮ್ಮ ಮತ್ತು ನಾನು. ಅಪ್ಪ ದೂರದ ಒಂದು ಅಣೆಕಟ್ಟಿನ ಕೆಲಸದಲ್ಲಿ ಓವರ್‌ಸಿಯರ್ ಆಗಿದ್ದರು. ರಜ ಸಿಕ್ಕಾಗ ಬಂದು ಹೋಗುತ್ತಿದ್ದರು. ಮೊದಲು ನಾವು ಕಾಟನ್‌ಪೇಟೆಯ ವಠಾರದಲ್ಲಿದ್ದೆವು. ಅಲ್ಲಿ ಒಂದು ಮನೆಯ ಒಗ್ಗರಣೆಗೆ ವಠಾರವೆಲ್ಲ ಸೀನುತ್ತಿತ್ತು. ಕುಂಟೆಬಿಲ್ಲೆ ಆಡಲು ಬಾಗಿಲಿಗೊಬ್ಬಳು ಹುಡುಗಿ ಸಿಗುತ್ತಿದ್ದಳು. ಸ್ವಂತ ಮನೆ, ಸ್ವಂತ ಹಿತ್ತಲು ಬೇಕು ಅಂತ ಅಪ್ಪ ಆಸೆಪಟ್ಟು ಇಲ್ಲಿ ಕಟ್ಟಿಸಿದರು, ನಮ್ಮನ್ನು ಸಾಮಾನಿನ ಜೊತೆ ತಂದಿಳಿಸಿದರು, ತಾವು ಅಣೆಕಟ್ಟಿಗೆ ಹೊರಟುಹೋದರು. ಅಂಗಳದಲ್ಲಿ ಮನೆ ಗೀಚಿಕೊಂಡು ನಾನೊಬ್ಬಳೇ ಕುಂಟೆಬಿಲ್ಲೆ ಆಡುತ್ತಿದ್ದೆ. ನಾನೇ ಗೆಲ್ಲುತ್ತಿದ್ದೆ, ಇನ್ಯಾರು ಗೆಲ್ಲಬೇಕು! ಗೆದ್ದ ಸುದ್ದಿ ಹೇಳಲು ಯಾರೂ ಇರುತ್ತಿರಲಿಲ್ಲವಾದ್ದರಿಂದ ರಸ್ತೆಗೆ ಹೋಗಿ ಎಮ್ಮೆಗೆ ಹೇಳಿ ಬರುತ್ತಿದ್ದೆ.

ಆ ವರ್ಷ ಸಂಕ್ರಾಂತಿಗೆ ಬಂದಿದ್ದ ಅಪ್ಪ ರಜೆಯನ್ನೆಲ್ಲ ಹಿತ್ತಲಲ್ಲೇ ಕಳೆದರು. ಪಂಚೆ ಎತ್ತಿ ಕಟ್ಟಿ, ಹಾರೆ ಹಿಡಿದು ಗುಂಡಿ ತೋಡಿದರು. ಕೇತಮಾರನಹಳ್ಳಿಯಿಂದ ನಮಗೆ ಹಾಲು ತಂದು ಹಾಕುತ್ತಿದ್ದ ಮುನಿಯಪ್ಪ ತನ್ನ ಕೊಟ್ಟಿಗೆಯ ಹಳೇ ಗೊಬ್ಬರವನ್ನು ಗಾಡಿಯಲ್ಲಿ ಹೊಡೆದುಕೊಂಡು ಬಂದ. ನಮ್ಮ ಮನೆ ನಿಂತಿದ್ದ ಜಾಗ ಒಂದಾನೊಂದು ಕಾಲಕ್ಕೆ ಅವನ ಹುರುಳಿ ಹೊಲವಾಗಿತ್ತು.

“ಈ ಮಣ್ಣು ನನ್ ಮಾತು ಕೇಳ್ತಿತ್ತು ಸಾಮಿ. ನಿಮ್ ಮಾತು ಕೇಳ್ತದೋ ಇಲ್ವೋ ನೋಡಾನ,” ಎಂದು ಅಪ್ಪನನ್ನು ರೇಗಿಸಿದ.

“ಕೇಳ್ದೆ ಏನ್ಮಾಡುತ್ತೆ? ನಾನೇನು ಕಮ್ಮಿ ಬಗ್ಗಿದೀನಾ?” ಎಂದರು ಅಪ್ಪ, ಬೆನ್ನು ಹಿಡಿದುಕೊಂಡು.

ಬೆಂಡೆಗೆ ಸಾಲು, ಹೀರೆಗೆ ಬೇಲಿ, ಪಡವಲಕ್ಕೆ ಚಪ್ಪರ, ಸೌತೆಗೆ ಪಾತಿ, ಎಲ್ಲಕ್ಕೂ ಜಾಗ ಮಾಡಿದರು. ಕೊನೆಗೆ, ಬಚ್ಚಲ ನೀರು ಹರಿದುಹೋಗುವ ಮೂಲೆಯಲ್ಲಿ ಗುಂಡಿ ತೋಡಿ, ಹಂಡೆ ಒಲೆಯ ಬೂದಿ ಬೆರೆಸಿ, ಸಿಹಿಗುಂಬಳದ ಬೀಜವನ್ನು ನನ್ನ ಕೈಯಲ್ಲಿ ಹಾಕಿಸಿದರು.

“ಇದು ಹಣ್ಣಾಗೋದು ಯಾವಾಗಪ್ಪಾ?”

“ನಿಂಗೆ ಬೇಸಿಗೆ ರಜ ಬರ್ಲಿ, ಇದಕ್ಕೆ ಬಣ್ಣ ಬರುತ್ತೆ. ಅಷ್ಟು ಹೊತ್ತಿಗೆ ನಾನೂ ಬರ್ತೀನಿ ಕಣೇ. ನಾನು ಬರ್ದೇ ಇದ್ರೆ ಕಾಯಿ ಒಡೆಯೋರು ಯಾರು?”

ಈಗಿನವರಿಗೆ ಈ ಮಾತು ಅರ್ಥವಾಗಲಿಕ್ಕಿಲ್ಲ. ಇಡೀ ಕುಂಬಳಕಾಯಿಗೆ ಹೆಂಗಸರು ಕತ್ತಿ ಹಾಕಬಾರದು ಅನ್ನುವುದು ನಮ್ಮ ಕಡೆಯ ಶಾಸ್ತ್ರ. ಮೊದಲ ಪೆಟ್ಟು ಗಂಡಸಿನ ಕೈಯದಾಗಬೇಕು. ಅವನು ಎರಡು ಹೋಳು ಮಾಡಿ ಕೊಟ್ಟಮೇಲೆ ಮಿಕ್ಕ ಸಿಪ್ಪೆ, ಬೀಜ, ಬೇಯಿಸುವುದು, ಬಡಿಸುವುದು, ತೊಳೆಯುವುದು ಎಲ್ಲಾ ಹೆಂಗಸಿನದು. ಅದಕ್ಕೆ ಯಾವ ಶಾಸ್ತ್ರದ ಅಡ್ಡಿಯೂ ಇಲ್ಲ ನೋಡಿ! ಮನೆಯಲ್ಲಿ ಗಂಡಸರಿಲ್ಲದಿದ್ದರೆ ಬೀದಿಯಲ್ಲಿ ಹೋಗುವವರನ್ನು ಕರೆದು ಒಂದು ಪೆಟ್ಟು ಹಾಕಿಸಿಕೊಳ್ಳುತ್ತಿದ್ದರು. ಯಾವ ಗಂಡಸಾದರೂ ನಡೆಯುತ್ತಿತ್ತು. ಆದರೆ ಅಪ್ಪ ಹೇಳಿ ಹೋಗಿದ್ದರಿಂದ ನಮ್ಮ ಮನೆಯಲ್ಲಿ ಅಪ್ಪನೇ ಆಗಬೇಕಿತ್ತು. ಹೋಗುವಾಗ ಕುಂಬಳ ಒಡೆಯುವ ಮಚ್ಚುಕತ್ತಿಯನ್ನು ಸಾಣೆ ಹಿಡಿದು, ಅಡುಗೆಮನೆ ಬಾಗಿಲ ಹಿಂದೆ ಸಿಕ್ಕಿಸಿ, “ಯಾರೂ ಮುಟ್ಟಬೇಡಿ” ಎಂದು ಹೇಳಿಯೂ ಹೋದರು.

ಬೇಸಿಗೆ ರಜ ಬಂತು. ಕಾಟನ್‌ಪೇಟೆಯ ಗೆಳತಿಯರೆಲ್ಲ ಅಜ್ಜಿಯ ಮನೆಗಳಿಗೆ ಹೋಗಿರುತ್ತಾರೆ ಎಂದು ನೆನೆದು ನನಗೂ ಆಸೆಯಾಯಿತು.

“ಅಮ್ಮಾ, ನಾವೂ ತುಮಕೂರಿಗೆ ಹೋಗೋಣ. ಅಜ್ಜಿ ಕರೆದಿದಾರಲ್ಲ.”

“ಮನೆಗೆ ಬೀಗ ಹಾಕ್ಕೊಂಡು ಹೋದ್ಮೇಲೆ ನಿಮ್ಮಪ್ಪ ಬಂದ್ರೆ? ಗಿಡಕ್ಕೆ ನೀರು ಯಾರು ಹಾಕ್ತಾರೆ? ಎಲ್ಲೂ ಬೇಡ, ಸುಮ್ನಿರು.”

ಸುಮ್ಮನಿದ್ದೆ. ಏಪ್ರಿಲ್‌ನ ಮಧ್ಯಾಹ್ನಗಳು ಎಷ್ಟು ಉದ್ದ ಇರುತ್ತವೆ ಅಂತ ನನಗೆ ಗೊತ್ತಾದದ್ದು ಆಗ. ಅಮ್ಮ ಸೆರಗು ಹಾಸಿಕೊಂಡು ಮಲಗಿರುತ್ತಿದ್ದಳು. ಕಣ್ಣು ಮುಚ್ಚಿರುತ್ತಿತ್ತು, ಆದರೆ ಹೊರಗೆ ಗೇಟು ಗಾಳಿಗೆ ಕಿರುಗುಟ್ಟಿದರೂ ಅವಳ ಕಾಲ್ಬೆರಳು ಅಲ್ಲಾಡುತ್ತಿತ್ತು. ಒಂಟಿತನ ಅನ್ನುವ ದೊಡ್ಡ ಮಾತು ನನಗೆ ಬರುತ್ತಿರಲಿಲ್ಲ. “ಅಮ್ಮಾ, ಬೇಜಾರು” ಅನ್ನುತ್ತಿದ್ದೆ. “ನಂಗೂ” ಅನ್ನುತ್ತಿದ್ದಳು ಅಮ್ಮ, ಕಣ್ಣು ತೆರೆಯದೆ.

ಬೆಳಗಿನ ಹೊತ್ತು ಮಾತ್ರ ಮನೆಗೆ ಜೀವ ಬರುತ್ತಿತ್ತು. ಬಿಸಿಲೇರುವ ಮೊದಲೇ ಕಾಯಿ ಬಿಡಿಸಬೇಕು, ದೀಪ ಹಚ್ಚಿದ ಮೇಲೆ ಗಿಡ ಮುಟ್ಟಬಾರದು, ಇದು ಅಮ್ಮನ ಕಾನೂನು. ಬಿದಿರಿನ ಬುಟ್ಟಿ ನನ್ನ ಸೊಂಟದ ಮೇಲೆ. ಬೆಂಡೆಗೆ ಕೈ ಹಾಕಿದರೆ ಸಣ್ಣ ರೋಮ ಚುಚ್ಚಿ ಅಂಗೈಯೆಲ್ಲ ನವೆ. ಹೀರೆಕಾಯಿ ಎಲೆಯ ಸಂದಿಯಲ್ಲಿ ಅಡಗಿರುತ್ತಿತ್ತು. ಒಂದು ದಿನ ಕಣ್ಣು ತಪ್ಪಿದರೆ ಬಲಿತು ಮೈ ಉಜ್ಜುವುದಕ್ಕೇ ಸೈ. ಪಡವಲದ ಪಿಂದೆಗಳಿಗೆ ಅಮ್ಮ ದಾರದಲ್ಲಿ ಕಲ್ಲು ಕಟ್ಟಿ ಇಳಿಬಿಡುತ್ತಿದ್ದಳು, ಸೊಟ್ಟಗಾಗದೆ ನೀಟಾಗಿ ಬೆಳೆಯಲಿ ಎಂದು. ಸೌತೆಯ ಪಾತಿಗೆ ಬಂದರೆ ಮಾತ್ರ ಕಾನೂನು ಸಡಿಲ. ಇಬ್ಬನಿ ಹತ್ತಿದ ಎಳೇ ಸೌತೆಯನ್ನು ಲಂಗಕ್ಕೆ ಒರೆಸಿಕೊಂಡು, ಅಮ್ಮ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದಿರುತ್ತಿದ್ದ ಉಪ್ಪು-ಖಾರದಪುಡಿ ಅದ್ದಿಕೊಂಡು ಅಲ್ಲೇ ನಿಂತು ತಿನ್ನುತ್ತಿದ್ದೆವು. ಆ ವಾಸನೆ ಈಗಲೂ ಮೂಗಿನಲ್ಲಿದೆ, ಸೌತೆಯದು ಮತ್ತು ಅಮ್ಮನ ಸೆರಗಿನದು.

“ಅಮ್ಮಾ, ಅಲ್ನೋಡು ಎಷ್ಟು ದೊಡ್ಡ ಪಿಂದೆ!”

“ಅಯ್ಯೋ ಮಾರಾಯ್ತಿ! ಬೆರಳು ಮಡಿಸ್ಕೋ. ನೀಟ ಬೆರಳು ತೋರಿಸಿದ್ರೆ ಪಿಂದೆ ಕೊಳ್ತೋಗುತ್ತೆ ಅಂತ ಎಷ್ಟು ಸಲ ಬಡ್ಕೋಬೇಕು ನಿಂಗೆ?”

ನಾನು ತೋರುಬೆರಳನ್ನು ಕೊಕ್ಕೆಯ ಹಾಗೆ ಮಡಿಸಿ ತೋರಿಸುತ್ತಿದ್ದೆ. ಹಾಗೆ ತೋರಿಸಿದರೆ ದೋಷವಿಲ್ಲ.

ಆ ಮಣ್ಣು ಅಪ್ಪನ ಮಾತನ್ನು ಚೆನ್ನಾಗಿಯೇ ಕೇಳಿತು. ಇಬ್ಬರ ಬಾಯಿಗೆ ಎಷ್ಟು ತರಕಾರಿ ಬೇಕು? ಬೆಂಡೆಕಾಯಿ ಪಲ್ಯ, ಬೆಂಡೆಕಾಯಿ ಗೊಜ್ಜು, ಹೀರೆಕಾಯಿ ತೊವ್ವೆ, ಹೀರೆ ಸಿಪ್ಪೆ ಚಟ್ನಿ ಎಲ್ಲಾ ಮಾಡಿಯೂ ಬುಟ್ಟಿ ತುಂಬಾ ಉಳಿಯುತ್ತಿತ್ತು. ಅಮ್ಮ ಹಂಚಿ ಬಾ ಎಂದು ಕಳಿಸುತ್ತಿದ್ದಳು. ಹಂಚಲಿಕ್ಕೆ ಮನೆ ಎಲ್ಲಿದ್ದವು? ಖಾಲಿ ಸೈಟುಗಳನ್ನು ದಾಟಿ ಗಂಗಮ್ಮನವರ ಮನೆಗೆ ಹೋಗುತ್ತಿದ್ದೆ. ಹಾವೇರಿ ಕಡೆಯವರು, ಹಣೆತುಂಬ ವಿಭೂತಿ. ಅವರಿಗೆ ನನ್ನ ವಯಸ್ಸಿನ ಮಗಳಿದ್ದಳು, ಆದರೆ ಅವಳೂ ರಜಕ್ಕೆ ಊರಿಗೆ ಹೋಗಿದ್ದಳು. ನನ್ನ ಗ್ರಹಚಾರ.

“ಅಯ್ಯ, ಎಷ್ಟ ಛಲೋ ಅದಾವ ಬೆಂಡಿಕಾಯಿ! ನಿಮ್ಮಪ್ಪಾರು ಬಂದ್ರೇನು?”

“ಬರ್ತಾರೆ. ಕುಂಬಳಕಾಯಿ ಹಣ್ಣಾದ್ಮೇಲೆ ಬರ್ತಾರೆ.”

ಎಲ್ಲರಿಗೂ ಇದೇ ಉತ್ತರ ಹೇಳುತ್ತಿದ್ದೆ. ಎಮ್ಮೆಗೂ ಹೇಳಿದ್ದೆ.

ಕುಂಬಳದ ಬಳ್ಳಿ ಬಚ್ಚಲ ಮೂಲೆಯಿಂದ ಹೊರಟು, ಕಾಂಪೌಂಡಿನ ಗಡಿಕಲ್ಲು ದಾಟಿ ಪಕ್ಕದ ಖಾಲಿ ಸೈಟಿಗೂ ನುಗ್ಗಿತ್ತು. ಬಹಳ ಪಿಂದೆ ಕಚ್ಚಿ ಉದುರಿ, ಕೊನೆಗೆ ನಿಂತದ್ದರಲ್ಲಿ ಒಂದು ಮಾತ್ರ ಎಲ್ಲಕ್ಕಿಂತ ಮೊದಲು ದಪ್ಪಗಾಯಿತು. ಅದು ತೆಂಗಿನಕಾಯಿಯಷ್ಟಿದ್ದಾಗ ನಾನು ಅಮ್ಮನ ಬಳೆಯಲ್ಲಿದ್ದ ಪಿನ್ನು ತೆಗೆದುಕೊಂಡು ಅದರ ಮೈಮೇಲೆ ‘ಅಪ್ಪ’ ಎಂದು ಗೀಚಿದೆ. ತಿಳಿಯಾದ ಅಂಟು ಹನಿಹನಿಯಾಗಿ ಬಂತು, ಆಮೇಲೆ ಗಾಯ ಒಣಗಿ ಗೆರೆಯಾಯಿತು. ಕಾಯಿ ದಪ್ಪಗಾದ ಹಾಗೆ ಅಕ್ಷರವೂ ದಪ್ಪಗಾಯಿತು. ದಿನಾ ಬೆಳಿಗ್ಗೆ ಅದನ್ನು ನೋಡುವುದು ನನ್ನ ಹಬ್ಬ. ಅಮ್ಮನ ಕಣ್ಣಿಗೆ ಬಿದ್ದ ದಿನ ಬೈಗುಳ ಕಾದಿದೆ ಅಂದುಕೊಂಡೆ. ಅವಳು ಕೂತು, ಆ ಗೆರೆಗಳ ಮೇಲೆ ಬೆರಳಾಡಿಸಿ, “ಪಾಪ, ಕಾಯಿಗೆ ನೋವಾಗಲ್ವೇನೇ?” ಎಂದಳು. ಅಷ್ಟೇ.

ಮೇ ತಿಂಗಳಲ್ಲಿ ತೊಟ್ಟು ಒಣಗಿತು. ಮುನಿಯಪ್ಪನೇ ನೋಡಿ, “ಇನ್ ಇಳಿಸ್ಕೊಳ್ಳಿ ಅವ್ವಾ, ಹಣ್ಣಾಗ್ಯದೆ” ಎಂದು ತಾನೇ ಕೊಯ್ದು, ಹೊತ್ತುಕೊಂಡು ಬಂದು ನಡುಮನೆಯಲ್ಲಿ ಹುಲ್ಲಿನ ಸಿಂಬಿಯ ಮೇಲೆ ಕೂರಿಸಿದ. ಅಮ್ಮ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಕೇಸರಿ ಬಣ್ಣ, ಮಧ್ಯೆ ದಪ್ಪ ದಪ್ಪ ಅಕ್ಷರ.

“ಕತ್ತಿ ಕೊಡಿ, ಒಂದೇಟು ಹಾಕ್ಕೊಟ್ಟು ಹೋಯ್ತೀನಿ,” ಎಂದ ಮುನಿಯಪ್ಪ.

“ಬೇಡ ಮುನಿಯಪ್ಪ. ಅವರು ಬರ್ತಾರೆ.”

ಗಂಗಮ್ಮನವರು ಬಂದಾಗಲೂ ಅದೇ ಮಾತು. “ಐತವಾರ ನಮ್ಮನಿಯಾರು ಮನ್ಯಾಗ ಇರ್ತಾರ, ಕಳಸ್ತೀನಿ, ಒಡದು ಕೊಡ್ತಾರ. ಎಷ್ಟಂತ ಕಾಯ್ತೀರಿ?” ಎಂದರು. ಅಮ್ಮ ನಕ್ಕು, “ಹಣ್ಣು ಕುಂಬಳ ಕೆಡಲ್ಲ ಬಿಡಿ, ಇರುತ್ತೆ” ಎಂದು ಅವರ ಕೈಗೆ ಹೀರೆಕಾಯಿ ಕೊಟ್ಟು ಮಾತು ಬದಲಾಯಿಸಿದಳು. ಅವರು ಹೋದಮೇಲೆ ಬಾಗಿಲಿಗೆ ಒರಗಿಕೊಂಡು ಬಹಳ ಹೊತ್ತು ನಿಂತಿದ್ದಳು.

ಸಂಜೆ ಬಸ್ಸು ಬರುವ ಹೊತ್ತಿಗೆ ನಾನು ರಸ್ತೆಯಂಚಿನ ಸೈಟು ಕಲ್ಲಿನ ಮೇಲೆ ಹೋಗಿ ಕೂರುತ್ತಿದ್ದೆ. ದೂರದಲ್ಲಿ ಮೊದಲು ಧೂಳು ಕಾಣುತ್ತಿತ್ತು, ಆಮೇಲೆ ಬಸ್ಸು. ಇಳಿದವರು ಕೊಡೆ, ಚೀಲ, ಟಿಫನ್ ಕ್ಯಾರಿಯರ್ ಹಿಡಿದು ತಮ್ಮ ತಮ್ಮ ಮನೆ ಕಡೆ ನಡೆಯುತ್ತಿದ್ದರು. ನಮ್ಮ ಕಡೆಗೆ ಯಾರೂ ತಿರುಗುತ್ತಿರಲಿಲ್ಲ. ಬಸ್ಸು ಮರಳಿ ಹೋದಮೇಲೆ ಆ ಬಯಲಲ್ಲಿ ಉಳಿಯುತ್ತಿದ್ದವರು ನಾನು ಮತ್ತು ಎಮ್ಮೆ. ಮನೆಗೆ ಬಂದರೆ ಅಮ್ಮ ನನ್ನ ಮುಖ ನೋಡಿ, ಒಲೆಯ ಮೇಲಿನ ಸಾರಿಗೆ ಇನ್ನೊಬ್ಬರಿಗೆಂದು ಎತ್ತಿಟ್ಟಿದ್ದ ನೀರನ್ನು ಹಿಂದಕ್ಕೆ ಸುರಿಯುತ್ತಿದ್ದಳು.

ಒಂದೆರಡು ಮಳೆ ಬಿತ್ತು. ಸ್ಕೂಲು ತೆರೆಯುವ ದಿನ ಹತ್ತಿರ ಬಂತು. ಅಂಥ ಒಂದು ಸಂಜೆ ಬಸ್ಸಿನಿಂದ ಇಳಿದವರಲ್ಲಿ ಒಬ್ಬರು ನಮ್ಮ ಮನೆಯ ಕಡೆಗೇ ತಿರುಗಿದರು. ಎಡಗೈಯಲ್ಲಿ ಚರ್ಮದ ಚೀಲ, ಒಂದು ಭುಜ ತುಸು ಇಳಿಬಿಟ್ಟ ನಡಿಗೆ. ಅಪ್ಪನದೇ! ನಾನು ಕಲ್ಲಿನಿಂದ ಹಾರಿ, “ಅಮ್ಮಾ, ಅಪ್ಪ ಬಂದ್ರೂ!” ಎಂದು ಮನೆಯ ಕಡೆ ಕೂಗಿ, ಲಂಗ ಎತ್ತಿಕೊಂಡು ಬಿದ್ದೆನೋ ಸತ್ತೆನೋ ಅಂತ ಓಡಿದೆ. ಹತ್ತಿರ ಹೋದಮೇಲೆ ನೋಡಿದರೆ ಚಿಕ್ಕಪ್ಪ. ಅಪ್ಪನ ತಮ್ಮ, ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು. ಅಣ್ಣ ತಮ್ಮಂದಿರ ನಡಿಗೆ ಒಂದೇ ಥರ ಅನ್ನುವುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

“ಏನೇ ಶಾರಿ, ಯಾಕೆ ನಿಂತ್ಬಿಟ್ಟೆ?” ಎಂದರು.

ಅಮ್ಮ ಅಷ್ಟರಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತ ಮೆಟ್ಟಿಲವರೆಗೆ ಬಂದಿದ್ದಳು. ಮುಖ ತೊಳೆದು, ಹಣೆಗೆ ಹೊಸದಾಗಿ ಕುಂಕುಮ ಇಟ್ಟುಕೊಂಡಿದ್ದಳು. ನಾನು ಕೂಗಿದಾಗಿನಿಂದ ಅಷ್ಟು ಹೊತ್ತಿನೊಳಗೆ ಹೇಗೆ ಇಟ್ಟುಕೊಂಡಳೋ. ಚಿಕ್ಕಪ್ಪನನ್ನು ನೋಡಿದ ಕೂಡಲೇ ಸೆರಗು ಸರಿಮಾಡಿಕೊಂಡು “ಬನ್ನಿ, ಬನ್ನಿ” ಎಂದಳು.

ಚಿಕ್ಕಪ್ಪ ಕಾಲು ತೊಳೆದು ನಡುಮನೆಯಲ್ಲಿ ಕೂತರು. ಕಾಫಿ ಕುಡಿದರು. ಮಳೆ, ಅಂಗಡಿ, ಬಸ್ಸಿನ ಗದ್ದಲ ಎಲ್ಲ ಮಾತಾಡಿದರು. ಅವರ ಎದುರಿಗೇ ಆ ಕುಂಬಳಕಾಯಿ. ಅದರ ಮೇಲಿನ ಅಕ್ಷರ ಓದಿದವರೇ ಲೋಟ ಕೆಳಗಿಟ್ಟರು.

“ಹೇಳೋಕೆ ಬಾಯಿ ಬರ್ತಿಲ್ಲ ಅತ್ತಿಗೆ,” ಎಂದರು ಕೊನೆಗೆ. “ಅಣ್ಣನ ಹತ್ರ ಹೋಗಿ ಬಂದೆ. ಅವನು ಅಲ್ಲೇ ಸಂಸಾರ ಮಾಡ್ಕೊಂಡಿದಾನೆ. ಮಗುನೂ ಇದೆ. ಬಾರೋ ಅಂತ ಕೈ ಹಿಡಿದು ಕರೆದೆ. ‘ಮನೆ ಅವಳ ಹೆಸರಿಗೇ ಇದೆ, ಇರ್ಲಿ. ನಾನಿನ್ನು ಬರಲ್ಲ’ ಅಂದ.”

ನಾನು ಅಡುಗೆಮನೆಯ ಹೊಸಿಲ ಮೇಲೆ ಕೂತಿದ್ದೆ. ಮಗು ಇದೆ ಅನ್ನುವ ಒಂದೇ ಮಾತು ನನಗೆ ಪೂರ್ತಿ ಅರ್ಥವಾಯಿತು. ಆ ಮಗು ಅಪ್ಪನಿಗೆ ಅಪ್ಪಾ ಅನ್ನುತ್ತದೆ ಅಂದುಕೊಂಡೆ. ಅಮ್ಮ ಅಳುತ್ತಾಳೆ ಎಂದು ಅವಳ ಮುಖವನ್ನೇ ನೋಡಿದೆ. ಅವಳು ಅಳಲಿಲ್ಲ. ನೆಲದ ಮೇಲೆ ಇಲ್ಲದ ಕಸವನ್ನು ಅಂಗೈಯಲ್ಲಿ ಸರಿಸುತ್ತ ಕೂತಿದ್ದಳು. ಆಮೇಲೆ ಎದ್ದಳು.

“ಹಸ್ಕೊಂಡು ಬಂದಿದೀರ. ಊಟ ಮಾಡ್ಕೊಂಡು ಹೋಗಿ,” ಎಂದಳು. “ಕುಂಬಳಕಾಯಿ ಹುಳಿ ಮಾಡ್ತೀನಿ. ಶಾರಿ, ಬಾಗಿಲ ಹಿಂದೆ ಮಚ್ಚಿದೆ, ತಗೊಂಡ್ಬಾ.”

ನಾನು ತಂದುಕೊಟ್ಟೆ. ಚಿಕ್ಕಪ್ಪ ಗಡಬಡಿಸಿ ಎದ್ದು ಕೈಚಾಚಿದರು. “ಕೊಡಿ ಅತ್ತಿಗೆ, ನಾನು ಒಡೆದು ಕೊಡ್ತೀನಿ. ನೀವು ಹಾಕಬಾರದು.”

“ಪರವಾಗಿಲ್ಲ. ಕೂತ್ಕೊಳ್ಳಿ.”

“ಅತ್ತಿಗೆ, ಶಾಸ್ತ್ರ ಅಂತ ಒಂದಿದೆಯಲ್ಲ...”

“ಕೂತ್ಕೊಳ್ಳೀಂದ್ರೆ,” ಎಂದಳು ಅಮ್ಮ. ಅವಳು ಮೈದುನನಿಗೆ ಆ ದನಿಯಲ್ಲಿ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಚಿಕ್ಕಪ್ಪ ಕೂತರು.

ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲುಮಡಿಸಿ ಕೂತಳು. ಕಾಯಿಯನ್ನು ತಿರುಗಿಸಿ, ನನ್ನ ಅಕ್ಷರದ ಮೇಲೆ ಕತ್ತಿ ಬೀಳದಂತೆ ಅದನ್ನು ಪಕ್ಕಕ್ಕೆ ಮಾಡಿ ಇಟ್ಟಳು. ಎರಡೂ ಕೈಯಲ್ಲಿ ಮಚ್ಚೆತ್ತಿ ಹಾಕಿದಳು. ಮೊದಲ ಪೆಟ್ಟಿಗೆ ಕತ್ತಿ ಅರ್ಧ ಕಚ್ಚಿ ನಿಂತಿತು. ಅದನ್ನು ಕಾಯಿಯ ಸಮೇತ ಎತ್ತಿ ನೆಲಕ್ಕೆ ಕುಟ್ಟಿದಳು. ಕಾಯಿ ಎರಡಾಯಿತು. ಹಸಿ ಸಿಹಿ ವಾಸನೆ ನಡುಮನೆಯೆಲ್ಲ ತುಂಬಿತು. ನನಗೆ ಆಗ ಅಳು ಬಂತು. ಅಪ್ಪ ಬರುವುದಿಲ್ಲ ಎಂದು ಚಿಕ್ಕಪ್ಪ ಹೇಳಿದಾಗ ನಾನು ನಂಬಿರಲಿಲ್ಲ. ಅಮ್ಮ ಕಾಯಿ ಒಡೆದಮೇಲೆ ನಂಬಿದೆ.

“ಅಳ್ಬೇಡ ಕಣೇ. ಹುಳಿಗೆ ಬೆಲ್ಲ ಜಾಸ್ತಿ ಹಾಕ್ಲಾ?” ಎಂದಳು ಅಮ್ಮ. ಅವಳ ದನಿಯೂ ಒದ್ದೆಯಾಗಿತ್ತು.

ಆ ಹುಳಿ ಬಹಳ ರುಚಿಯಾಗಿತ್ತು. ಅದೇ ನನಗೆ ಸಿಟ್ಟು. ಚೆನ್ನಾಗಿರದಿದ್ದರೆ ತಟ್ಟೆ ತಳ್ಳಿ ಎದ್ದುಹೋಗಬಹುದಿತ್ತು. ಹಸಿವಾಗಿತ್ತು, ಅಳುತ್ತಲೇ ಉಂಡೆ, ಇನ್ನೊಂದು ಸಲ ಹಾಕಿಸಿಕೊಂಡೂ ಉಂಡೆ. ಚಿಕ್ಕಪ್ಪನೇ ಅನ್ನ ಕಲಸುತ್ತ ಕೂತು, ಅರ್ಧಕ್ಕೇ ಕೈ ತೊಳೆದರು.

ಅಕ್ಷರವಿದ್ದ ಹೋಳನ್ನು ಅಮ್ಮ ಬೇಯಿಸಿರಲಿಲ್ಲ, ಎತ್ತಿಟ್ಟಿದ್ದಳು. “ಏನ್ಮಾಡ್ತೀಯೋ ಮಾಡು” ಎಂದು ಬೆಳಿಗ್ಗೆ ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಹಿಡಿದುಕೊಂಡು ಬಹಳ ಹೊತ್ತು ಅಂಗಳದಲ್ಲಿ ಸುತ್ತಿದೆ. ಹೂಳುವುದಕ್ಕೆ ಮನಸ್ಸು ಬರಲಿಲ್ಲ, ಇಟ್ಟುಕೊಂಡರೆ ಕೊಳೆಯುತ್ತದೆ. ಕೊನೆಗೆ ರಸ್ತೆಗೆ ಹೋಗಿ ಎಮ್ಮೆಯ ಮುಂದೆ ಇಟ್ಟೆ. ಅದಕ್ಕೇನು ಗೊತ್ತು, ಪಾಪ. ಚಪ್ಪರಿಸಿಕೊಂಡು ತಿಂದು, ಇನ್ನೇನಿದೆ ಎಂದು ನನ್ನ ಕೈ ಮೂಸಿತು.

ವಾಪಸು ಬಂದವಳು ಹಿತ್ತಲಿಗೆ ಹೋದೆ. ಅಪ್ಪ ತೋಡಿದ ಗುಂಡಿ, ಅಪ್ಪ ಕಟ್ಟಿದ ಚಪ್ಪರ. ತೋರುಬೆರಳು ನೆಟ್ಟಗೆ ಮಾಡಿಕೊಂಡು ಒಂದೊಂದೇ ಪಿಂದೆಗೆ ತೋರಿಸಿದೆ. ನೀನು ಕೊಳೆ, ನೀನೂ ಕೊಳೆ, ನೀನೂ. ಬಳ್ಳಿಯ ಕೊನೆಯವರೆಗೆ ಹೋಗಿ ತೋರಿಸಿ ಬಂದೆ. ದಿನಾ ಹೋಗಿ ನೋಡಿದೆ. ಒಂದೂ ಕೊಳೆಯಲಿಲ್ಲ. ಮಳೆ ಬಿದ್ದಿತ್ತು, ಎಲ್ಲವೂ ಪುಷ್ಕಳವಾಗಿ ಬೆಳೆದವು. ಅಮ್ಮ ಅವನ್ನೂ ಬಿಡಿಸಿದಳು, ತಾನೇ ಒಡೆದಳು, ಹಂಚಿದಳು.

ಅಪ್ಪನನ್ನು ಮತ್ತೆ ನೋಡಿದ್ದು ನನ್ನ ಮದುವೆಯಲ್ಲಿ. ನೆಂಟರ ಹಾಗೆ ಬಂದರು, ಧಾರೆ ಎರೆದರು, ಊಟ ಮಾಡಿಕೊಂಡು ಹೋದರು. ಅಮ್ಮ ಅವರ ಎಲೆಗೆ ತಾನೇ ತುಪ್ಪ ಬಡಿಸಿದಳು.

ಆ ಹಿತ್ತಲು ಈಗಿಲ್ಲ. ಬಚ್ಚಲ ಮೂಲೆಯಿದ್ದ ಕಡೆ ಮೆಟ್ರೊಗೆ ಹೋಗುವವರು ಸ್ಕೂಟರ್ ನಿಲ್ಲಿಸುತ್ತಾರೆ. ಗಾಡಿಗಳ ಗದ್ದಲದಲ್ಲಿ ಈಗ ಆ ಜಾಗದಲ್ಲಿ ನಿಂತು ಕೂಗಿದರೂ ಯಾರಿಗೂ ಕೇಳಿಸದು. ಅದೊಂದು ಮಾತ್ರ ಹಾಗೇ ಉಳಿದಿದೆ. ಅಮ್ಮ ಹೋಗಿ ಎಷ್ಟೋ ಕಾಲವಾಯಿತು. ಸೌತೆಗೆ ಆ ವಾಸನೆಯಿಲ್ಲ, ಇದ್ದರೂ ಉಪ್ಪು-ಖಾರ ಕಟ್ಟಿಕೊಂಡು ಬರುವ ಸೆರಗಿಲ್ಲ.

ನಮ್ಮ ಮನೆಯ ಹತ್ತಿರದ ತರಕಾರಿ ಅಂಗಡಿಯಲ್ಲಿ ಸಿಹಿಗುಂಬಳವನ್ನು ಹೋಳು ಮಾಡಿ, ಪ್ಲಾಸ್ಟಿಕ್ ಹಾಳೆ ಸುತ್ತಿ ಇಟ್ಟಿರುತ್ತಾರೆ. ಗಂಡಸು ಒಡೆದನೋ ಹೆಂಗಸು ಒಡೆದಳೋ ಯಾರೂ ಕೇಳುವುದಿಲ್ಲ, ಒಳ್ಳೆಯದೇ ಆಯಿತು. ಈಗ ನಮ್ಮ ಮನೆಯಲ್ಲಿ ಅದನ್ನು ತಿನ್ನುವವಳು ನಾನೊಬ್ಬಳೇ, ಮಿಕ್ಕವರಿಗೆ ಸೇರುವುದಿಲ್ಲ. ಒಂದು ಹೋಳು ನನಗೆ ಧಾರಾಳವಾಗಿ ಸಾಕು. ಆದರೂ ಬೇಸಿಗೆ ಬಂದರೆ, “ಇಡೀ ಕಾಯಿ ಇದ್ರೆ ಕೊಡಪ್ಪಾ” ಎಂದು ಕೇಳುತ್ತೇನೆ. “ಒಬ್ಬರಿಗೆ ಅಷ್ಟು ದೊಡ್ಡದು ಯಾಕಜ್ಜಿ?” ಅನ್ನುತ್ತಾನೆ ಅಂಗಡಿಯವನು. ಅವನಿಗೆ ಏನಂತ ಹೇಳಲಿ? ನಡುಮನೆಯಲ್ಲಿ ಒಡೆಯದ ಕುಂಬಳಕಾಯಿ ಇದ್ದಷ್ಟು ದಿನ ನಮ್ಮ ಮನೆಗೆ ಒಬ್ಬರು ಬರುವವರಿದ್ದರು.